ಯಾವುದನ್ನು ಇಳಿಸಬೇಕು, ಯಾವುದನ್ನು ಉಳಿಸಬೇಕು

ಮನುಷ್ಯನಿಗೆ ಗಳಿಸುವ ವಿದ್ಯೆಯನ್ನು ಕಲಿಸುವವರು ಬಹಳ ಮಂದಿ ಇದ್ದಾರೆ. ತಂದೆ ಕಲಿಸುತ್ತಾನೆ, ಗುರು ಕಲಿಸುತ್ತಾನೆ, ಸಂತೆಯೂ ಕಲಿಸುತ್ತದೆ, ಬಡತನವಂತೂ ಎಲ್ಲರಿಗಿಂತ ಚೆನ್ನಾಗಿ ಕಲಿಸುತ್ತದೆ. ಆದರೆ ಗಳಿಸಿದ್ದನ್ನು ಕೈಯಿಂದ ಇಳಿಸುವ ವಿದ್ಯೆಯನ್ನು ಕಲಿಸುವವರು ಕಡಿಮೆ. ಹೊಲ ಮನೆ ಹಣಕಾಸಿನ ಮಾತಾದರೆ ಪಾಲು ಪತ್ರ ಬರೆದು ಮುಗಿಸಬಹುದು. ಹಣಕ್ಕಾಗಿ ಅಲ್ಲದೆ, ಹೆಸರಿಗಾಗಿಯೂ ಅಲ್ಲದೆ, ಕೇವಲ ಮನಸ್ಸಿನ ಸಂತೋಷಕ್ಕಾಗಿ ಐವತ್ತು ಅರವತ್ತು ವರ್ಷ ಸಾಕಿಕೊಂಡು ಬಂದ ಹವ್ಯಾಸವನ್ನು ಮುಪ್ಪಿನಲ್ಲಿ ಏನು ಮಾಡಬೇಕು? ಇದಕ್ಕೆ ಯಾವ ಪತ್ರವೂ ಇಲ್ಲ, ಸಾಕ್ಷಿಯೂ ಇಲ್ಲ. ಈ ವಾರ ಅದನ್ನೇ ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಪಾಂಡವಪುರ ತಾಲ್ಲೂಕಿನ ಒಂದು ಗ್ರಾಮಕ್ಕೆ ಶಿವಾನುಭವ ಗೋಷ್ಠಿಗೆಂದು ಹೋಗಿದ್ದಾಗ, ಕಾರ್ಯಕ್ರಮ ಮುಗಿದ ಮೇಲೆ ನಿವೃತ್ತ ಉಪಾಧ್ಯಾಯರೊಬ್ಬರು ನಮ್ಮನ್ನು ತಮ್ಮ ಮನೆಗೆ ಬರಮಾಡಿಕೊಂಡರು. ವಯಸ್ಸು ಎಪ್ಪತ್ತೆಂಟು. ಪಾದಪೂಜೆ, ಪ್ರಸಾದ ಎಲ್ಲ ಆದ ಬಳಿಕ, ಸ್ವಲ್ಪ ಸಂಕೋಚದಿಂದಲೇ, ಮಾಳಿಗೆಯ ಕೋಣೆಗೆ ಕರೆದೊಯ್ದರು. ಅಲ್ಲಿ ಗೋಡೆಯ ಸುತ್ತ ಮರದ ಹಲಗೆ ಹಾಸಿ, ಅದರ ಮೇಲೆ ಹಿತ್ತಾಳೆಯ ಪುಟ್ಟ ಹಳಿಗಳನ್ನು ಜೋಡಿಸಿದ್ದರು. ಹಳಿಯ ಮೇಲೆ ಮೊಳಕ್ಕೂ ಮಿಗಿಲಾದ ಉದ್ದದ ಒಂದು ಉಗಿಬಂಡಿಯ ಎಂಜಿನ್, ಅದರ ಹಿಂದೆ ಐದು ಡಬ್ಬಿಗಳು. ಗುಂಡಿ ಒತ್ತಿದೊಡನೆ ಆ ಬಂಡಿ ನಿಧಾನವಾಗಿ ಹೊರಟು, ಸುರಂಗ ದಾಟಿ, ಸೇತುವೆ ದಾಟಿ, ಒಂದು ಸುತ್ತು ಹಾಕಿ ಮತ್ತೆ ಬಂದು ನಿಂತಿತು. ನಾವು ನೋಡುತ್ತಲೇ ಇದ್ದೆವು. ಸುಳ್ಳು ಹೇಳುವುದೇಕೆ, ಇನ್ನೊಂದು ಸುತ್ತು ಬಿಡಿಸಿ ನೋಡಿದೆವು.

ಪುಟ್ಟ ರೈಲು ಮಾಡಿ ಓಡಿಸುವ ಈ ಹವ್ಯಾಸ ಪರದೇಶಗಳಲ್ಲಿ ಹಳೆಯದು. ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರಲ್ಲಿ ಲೈಪ್ಜಿಗ್ ಜಾತ್ರೆಯಲ್ಲಿ ಗೊತ್ತಾದ ಅಳತೆಯ ಹಳಿಗಳ ಆಟದ ರೈಲನ್ನು ತಂದಿಟ್ಟಿತು. ಇಂಗ್ಲೆಂಡಿನ ಫ್ರಾಂಕ್ ಹಾರ್ನ್‌ಬಿ 1920ರಲ್ಲಿ ಕೀಲಿ ಕೊಟ್ಟು ಓಡಿಸುವ ರೈಲು ಮಾರಿದರು. ಈಗ ಲೋಕದಲ್ಲಿ ಬಹಳ ಬಳಕೆಯಲ್ಲಿರುವುದು ನಿಜದ ರೈಲಿನ ಎಂಬತ್ತೇಳರಲ್ಲಿ ಒಂದು ಪಾಲಿನ ಅಳತೆ. ಅದರ ಹಳಿಯ ಅಗಲ ಹದಿನಾರೂವರೆ ಮಿಲಿಮೀಟರು. ನಮ್ಮ ಹಳ್ಳಿಯ ಮೇಷ್ಟ್ರಿಗೆ ಇಂಥ ಸಾಮಾನು ಕೊಳ್ಳುವ ಶಕ್ತಿಯೂ ಇರಲಿಲ್ಲ, ಸಿಗುವ ಅಂಗಡಿಯೂ ಇರಲಿಲ್ಲ. ಎಲ್ಲವನ್ನೂ ತಾವೇ ಮಾಡಿದರು.

ಅವರು ಹುಟ್ಟಿ ಬೆಳೆದ ಸೀಮೆಯೇ ರೈಲಿನ ಸೀಮೆ. 1876ರಿಂದ 1878ರವರೆಗಿನ ಭೀಕರ ಬರಗಾಲದ ನಂತರ ಮೈಸೂರು ಸಂಸ್ಥಾನದಲ್ಲಿ ಬೆಂಗಳೂರಿನಿಂದ ಹೊರಟ ಮೀಟರ್ ಗೇಜ್ ಹಳಿ 1882ರ ಹೊತ್ತಿಗೆ ಮೈಸೂರನ್ನು ಮುಟ್ಟಿತು. ಹಿಂದೆ ಫ್ರೆಂಚ್ ರಾಕ್ಸ್ ಎಂದು ಕರೆಸಿಕೊಳ್ಳುತ್ತಿದ್ದ ಪಾಂಡವಪುರದ ನಿಲ್ದಾಣ ದಾಟಿ, ಕಾವೇರಿಯ ಕವಲುಗಳ ಮೇಲೆ ಹಾದು, ಶ್ರೀರಂಗಪಟ್ಟಣದ ಕೋಟೆಯೊಳಗೆ ನುಗ್ಗಿ ಆ ದಾರಿ ಸಾಗುತ್ತದೆ. ಚಿಕ್ಕಂದಿನಲ್ಲಿ ತಂದೆಯ ಹೆಗಲ ಮೇಲೆ ಕುಳಿತು ಉಗಿಬಂಡಿ ನೋಡಿದ ಹುಡುಗ, ಮನೆಗೆ ಬಂದು ಸೀಮೆಎಣ್ಣೆ ಡಬ್ಬದ ತಗಡು ಕತ್ತರಿಸಿ, ದಾರದ ಮರದ ಉರುಳೆಗಳನ್ನು ಚಕ್ರ ಮಾಡಿ, ಮೊದಲ ಎಂಜಿನ್ ಕಟ್ಟಿದ. ಆ ವರ್ಷ ಓಣಿಯ ಒಂದು ಮನೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸಿದ್ದಾಗ ಆ ತಗಡಿನ ಎಂಜಿನ್ನನ್ನು ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲ ಮೇಲೆ ಇಟ್ಟರಂತೆ. 1610ರಲ್ಲಿ ರಾಜ ಒಡೆಯರು ದಸರಾ ಆರಂಭಿಸಿದ್ದು ಶ್ರೀರಂಗಪಟ್ಟಣದಲ್ಲಿ. ಆ ಸೀಮೆಯಲ್ಲಿ ಗೊಂಬೆ ಮೆಟ್ಟಿಲ ಮೇಲೆ ರಾಜ ರಾಣಿಯರ ಜೊತೆಗೆ ಸಂತೆ, ಮದುವೆ ದಿಬ್ಬಣ, ಗದ್ದೆ ತೋಟ ಎಲ್ಲವನ್ನೂ ಕಿರಿದಾಗಿ ಮಾಡಿ ಇಡುವ ಪದ್ಧತಿ ಇದೆ. ಹುಡುಗನ ರೈಲಿಗೂ ಅಲ್ಲಿ ಜಾಗ ಸಿಕ್ಕಿತು. ಜನ ನೋಡಿ ಮೆಚ್ಚಿದರು. ಹಿಡಿದ ಗೀಳು ಬಿಡಲಿಲ್ಲ.

ನೌಕರಿ ಸಿಕ್ಕಿದ ಮೇಲೆ, ಪಾಂಡವಪುರ ನಿಲ್ದಾಣದಲ್ಲಿ ಅಪ್ಪಣೆ ಪಡೆದು, ನಿಂತ ಎಂಜಿನ್ನಿಗೆ ದಾರ ಹಿಡಿದು ಅಳತೆ ತೆಗೆದುಕೊಂಡರು. ಮೂವತ್ತೆರಡರಲ್ಲಿ ಒಂದು ಪಾಲು ಎಂಬ ಲೆಕ್ಕ ಇಟ್ಟುಕೊಂಡರು. ಒಂದು ಮೀಟರು ಅಗಲದ ಹಳಿ ಅವರ ಮಾಳಿಗೆಯಲ್ಲಿ ಮೂರು ಸೆಂಟಿಮೀಟರಿಗಿಂತ ತುಸು ಹೆಚ್ಚು ಅಗಲವಾಯಿತು. ಹಳಿಯ ಕೆಳಗಿನ ಅಡ್ಡಪಟ್ಟಿಗಳಿಗೆ ಚನ್ನಪಟ್ಟಣದ ಗೊಂಬೆ ಮಾಡುವ ಹಾಲೆ ಮರದ ಚೂರುಗಳು. ಎಂಜಿನ್ನಿನ ಹೊಟ್ಟೆಯೊಳಗೆ ಕೆಟ್ಟುಹೋದ ಟೇಪ್ ರೆಕಾರ್ಡರಿನ ಮೋಟರು. ಮನೆಯ 230 ವೋಲ್ಟಿನ ವಿದ್ಯುತ್ತನ್ನು ಟ್ರಾನ್ಸ್‌ಫಾರ್ಮರಿನಿಂದ 12 ವೋಲ್ಟಿಗೆ ಇಳಿಸಿ, ಒಂದು ಹಳಿಗೆ ಧನ, ಇನ್ನೊಂದಕ್ಕೆ ಋಣ ಕೊಟ್ಟು, ಚಕ್ರಗಳ ಮೂಲಕ ಮೋಟರಿಗೆ ಮುಟ್ಟಿಸಿದರು. ಹೀಗೆ ನಾಲ್ಕು ನಿಲ್ದಾಣಗಳಾದವು. ಒಂದು ಶ್ರೀರಂಗಪಟ್ಟಣ, ಒಂದು ಪಾಂಡವಪುರ. ಮೂರನೆಯದು ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಮೈಸೂರು–ಅರಸೀಕೆರೆ ದಾರಿಯ ಮೇಲಿರುವ ಅಕ್ಕಿಹೆಬ್ಬಾಳು. ಅಲ್ಲಿ ಅವರು ಕೆಲವು ವರ್ಷ ಪಾಠ ಹೇಳಿದ್ದರು. ನಾಲ್ಕನೆಯದು ನಾಗಮಂಗಲ. ಅದು ಅವರ ಶ್ರೀಮತಿಯವರ ತವರು. ಆಗ ಆ ತಾಲ್ಲೂಕಿಗೆ ರೈಲೇ ಇರಲಿಲ್ಲ. 2017ರಲ್ಲಿ ಬೆಂಗಳೂರು–ಹಾಸನ ಹೊಸ ಮಾರ್ಗ ತೆರೆದು, ಬಿ.ಜಿ. ನಗರದ ನಿಲ್ದಾಣ ಬಂದ ಮೇಲಷ್ಟೇ ನಾಗಮಂಗಲ ತಾಲ್ಲೂಕು ರೈಲು ಕಂಡಿತು. “ನಮ್ಮ ಮಾವನವರ ಊರಿಗೆ ಸರ್ಕಾರಕ್ಕಿಂತ ಮೊದಲು ರೈಲು ಬಿಟ್ಟವನು ನಾನು ಬುದ್ಧಿ” ಎಂದು ಮೇಷ್ಟ್ರು ನಕ್ಕರು. ಆ ನಿಲ್ದಾಣದಲ್ಲಿ ತೂಗುವ ಬೆರಳುಗಾತ್ರದ ಗಂಟೆಯನ್ನು ನಾಗಮಂಗಲದ ಕಂಚಿನ ಕೆಲಸದವರಿಂದಲೇ ಎರಕ ಹೊಯ್ಯಿಸಿದ್ದರು.

ನಗು ನಿಂತ ಮೇಲೆ ನಿಜವಾದ ಮಾತು ಬಂತು. “ಎರಡು ವರ್ಷದಿಂದ ಕೈ ನಡುಗ್ತದೆ ಬುದ್ಧಿ. ಬೆಸುಗೆ ಹಾಕೋಕೆ ಹೋದ್ರೆ ಜಾಗದಲ್ಲಿ ಬೀಳೋದಿಲ್ಲ. ಕಣ್ಣಿಗೂ ಆಪರೇಷನ್ ಆಯ್ತು. ಮಕ್ಕಳಿಬ್ಬರೂ ದೂರ ಇದ್ದಾರೆ, ಅವರಿಗೆ ಇದು ಬೇಡ. ನಾನು ಹೋದ ಮಾರನೇ ದಿನ ಇದು ಗುಜರಿ ಗಾಡಿಗೆ ತೂಕಕ್ಕೆ ಹೋಗ್ತದೆ. ಊರಿನವರು, ಈ ವಯಸ್ಸಿನಲ್ಲಿ ಲಿಂಗಪೂಜೆ ಮಾಡ್ಕೊಂಡು ಇರೋದು ಬಿಟ್ಟು ಆಟದ ಸಾಮಾನು ಯಾಕೆ ಅಂತಾರೆ. ಇದು ವ್ಯಾಮೋಹವೇ ಬುದ್ಧಿ? ನಾನು ತಪ್ಪು ಮಾಡಿದೆನೇ?”

ಅವರ ಶ್ರೀಮತಿಯವರು ಬಾಗಿಲ ಬಳಿ ನಿಂತಿದ್ದರು. ಅವರನ್ನೂ ಕೇಳಿದೆವು. ಆ ತಾಯಿ ಮುಚ್ಚುಮರೆಯಿಲ್ಲದೆ ಹೇಳಿದರು: “ರೈಲು ನಿಂತಾಗ ಮಾತ್ರ ಇವರಿಗೆ ನಾನು ಕಾಣ್ತಿದ್ದೆ ಬುದ್ಧಿ. ಆದ್ರೂ ಇವರು ಕುಡಿಲಿಲ್ಲ, ಇಸ್ಪೀಟು ಮುಟ್ಟಲಿಲ್ಲ. ಅದಕ್ಕೇ ಸುಮ್ಮನಿದ್ದೆ. ಈಗ ಹೇಳ್ತಾ ಇದೀನಿ, ಸತ್ತ ಮೇಲೆ ಗುಜರಿಗೆ ಹೋಗೋದಕ್ಕಿಂತ ನೀವು ಇರೋವಾಗಲೇ ಯಾರ ಕೈಗಾದರೂ ಕೊಡಿ ಅಂತ. ಕೇಳ್ತಾರಾ?”

ಈ ದಂಪತಿಗಳ ಮಾತನ್ನು ಕೇಳಿ ನಮಗೆ ಕಲ್ಯಾಣದ ಒಂದು ಪ್ರಸಂಗ ನೆನಪಾಯಿತು. ಆಯ್ದಕ್ಕಿ ಮಾರಯ್ಯನವರು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದವರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಮಡದಿ ಲಕ್ಕಮ್ಮನವರು ಅದನ್ನು ಒಪ್ಪದೆ, ನಮಗೆ ಬೇಕಾದಷ್ಟೇ ಸಾಕು, ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ಮರಳಿ ಕಳಿಸಿದರು. ಈ ಪ್ರಸಂಗವನ್ನು ಆಸೆ ಕೂಡದೆಂಬ ನೀತಿಗೆ ಮಾತ್ರ ನಾವೆಲ್ಲ ಹೇಳುತ್ತೇವೆ. ಅದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಲಕ್ಕಮ್ಮನವರು ಅಕ್ಕಿಯನ್ನು ಬೀದಿಗೆ ಎಸೆಯಲು ಹೇಳಲಿಲ್ಲ. ಅಕ್ಕಿ ಆಯುವ ಕಾಯಕವನ್ನು ಬಿಡೆಂದೂ ಹೇಳಲಿಲ್ಲ. ಅದು ಯಾವ ಜಾಗದಲ್ಲಿ ಇನ್ನೊಬ್ಬರಿಗೆ ಒದಗುವುದೋ ಆ ಜಾಗಕ್ಕೇ ಮುಟ್ಟಿಸಲು ಹೇಳಿದರು. ಬಿಡುವುದಕ್ಕೂ ಬಿಸಾಡುವುದಕ್ಕೂ ಇರುವ ಅಂತರ ಇದೇ.

ಈಗ ಮೇಷ್ಟ್ರ ಪ್ರಶ್ನೆಗೆ ಬರೋಣ. ಊರಿನವರ ಮಾತನ್ನು ನಾವು ಒಪ್ಪುವುದಿಲ್ಲ. ವಯಸ್ಸಾದವರು ಎಲ್ಲ ಸಂತೋಷವನ್ನೂ ಮೂಟೆ ಕಟ್ಟಿಟ್ಟು ಮೂಲೆಯಲ್ಲಿ ಕೂರಬೇಕೆಂದು ಶರಣರು ಎಲ್ಲಿಯೂ ವಿಧಿಸಿಲ್ಲ. ಅವರಲ್ಲಿ ನೇಯುವವರಿದ್ದರು, ಮಡಕೆ ಮಾಡುವವರಿದ್ದರು, ದೋಣಿ ನಡೆಸುವವರಿದ್ದರು. ಕೈಯ ಕೆಲಸದಲ್ಲಿ ಮನಸ್ಸು ನಿಲ್ಲುವುದನ್ನು ಅವರು ಬಲ್ಲವರು. ಐವತ್ತು ವರ್ಷ ಒಂದು ಪುಟ್ಟ ಚಕ್ರ ಸರಿಯಾಗಿ ತಿರುಗಲೆಂದು ತಾಳ್ಮೆಯಿಂದ ಕುಳಿತವನಿಗೆ ಏಕಾಗ್ರತೆ ಎಂದರೇನೆಂದು ನಾವು ಹೊಸದಾಗಿ ಬೋಧಿಸಬೇಕಾಗಿಲ್ಲ. ಹವ್ಯಾಸ ತಪ್ಪಲ್ಲ. ತಾಯಿಯ ಮಾತಿನಲ್ಲಿದ್ದ ನೋವು ಮಾತ್ರ ನಿಜ. ಮನೆಯವರಿಗೆ ಸಲ್ಲಬೇಕಾದ ಹೊತ್ತನ್ನು ಹಳಿಗೆ ಸುರಿದದ್ದುಂಟು. ಅದನ್ನು ಮೇಷ್ಟ್ರು ನಮ್ಮೆದುರಿಗೇ ಒಪ್ಪಿಕೊಂಡರು. ಒಪ್ಪಿಕೊಂಡ ಮೇಲೆ ಉಳಿದ ಹೊತ್ತನ್ನು ಹೇಗೆ ಬಳಸುವುದೆಂಬುದು ಅವರ ಕೈಯಲ್ಲಿದೆ.

ಆದರೆ ಇನ್ನೊಂದು ಮಾತನ್ನೂ ಹೇಳಿದೆವು. “ಮೇಷ್ಟ್ರೇ, ಕೈ ನಡುಗುತ್ತದೆ ಎಂದಿರಿ. ಪೂಜೆಯ ಹೊತ್ತಿನಲ್ಲಿಯೂ ನಡುಗುತ್ತದೆಯೋ?” ನಡುಗುತ್ತದೆ ಎಂದರು. “ನಡುಗುವ ಅಂಗೈ ಮೇಲಿನ ಇಷ್ಟಲಿಂಗವನ್ನು ಇಳಿಸಿಬಿಡುತ್ತೀರೋ?” ಅವರು ಎದೆಯ ಮೇಲಿನ ಕರಡಿಗೆಯನ್ನು ಮುಟ್ಟಿಕೊಂಡರು. ಕೊನೆಯ ಉಸಿರಿನವರೆಗೂ, ಸಮಾಧಿಯ ಮಣ್ಣಿನವರೆಗೂ ಜೊತೆಯಲ್ಲಿ ಬರುವುದು ಅದೊಂದೇ ಎಂಬುದು ವೀರಶೈವರ ಮನೆಯ ಮಕ್ಕಳಿಗೂ ಗೊತ್ತು. ಮಿಕ್ಕದ್ದೆಲ್ಲ ಒಂದಲ್ಲ ಒಂದು ನಿಲ್ದಾಣದಲ್ಲಿ ಇಳಿಸಬೇಕಾದ ಸಾಮಾನು. ಯಾವುದನ್ನು ಇಳಿಸಬೇಕು, ಯಾವುದನ್ನು ಉಳಿಸಬೇಕು ಎಂಬ ವಿವೇಕ ಬಂದರೆ ಮುಪ್ಪು ಅರ್ಧ ಹಗುರವಾದಂತೆ.

ಇಳಿಸುವುದಾದರೂ ಹೇಗೆ? ಇದಕ್ಕೆ ಉದಾಹರಣೆ ಶ್ರೀರಂಗಪಟ್ಟಣದಲ್ಲಿಯೇ ಇದೆ. ಬೆಂಗಳೂರು–ಮೈಸೂರು ಜೋಡಿ ಹಳಿಯ ಕೆಲಸ ಬಂದಾಗ, ರೈಲ್ವೆ ನಿಲ್ದಾಣದ ಬಳಿ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದು ದಾರಿಗೆ ಅಡ್ಡವಾಗಿತ್ತು. ಇನ್ನೂರು ವರ್ಷಕ್ಕೂ ಹಿಂದಿನ ಇಟ್ಟಿಗೆ ಗಾರೆಯ ಕಟ್ಟಡ. ಕೆಡವಿದರೆ ಇತಿಹಾಸ ಹೋಗುತ್ತದೆ, ಬಿಟ್ಟರೆ ಹಳಿ ಹೋಗುವುದಿಲ್ಲ. ವರ್ಷಗಟ್ಟಲೆ ಕೆಲಸ ನಿಂತಿತ್ತು. ಕಡೆಗೆ 2017ರಲ್ಲಿ ಆ ನೂರಾರು ಟನ್ ತೂಕದ ಕಟ್ಟಡವನ್ನು ಬುಡದಿಂದ ಬಿಡಿಸಿ, ಜಾಕ್‌ಗಳ ಮೇಲೆ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಇಂಚಿಂಚಾಗಿ ಸರಿಸಿ, ಹೊಸ ಜಾಗದಲ್ಲಿ ಕೂರಿಸಿದರು. ಕಟ್ಟಡವೂ ಉಳಿಯಿತು, ಹಳಿಗೂ ದಾರಿಯಾಯಿತು. ನಮ್ಮ ಹಿರಿಯರು ಗಮನಿಸಬೇಕಾದದ್ದು ಇಷ್ಟು: ಗೋಡೆ ಗಟ್ಟಿಯಾಗಿದ್ದುದರಿಂದ ಅದು ಸಾಧ್ಯವಾಯಿತು. ಬಿರುಕು ಬಿಟ್ಟು ಕುಸಿಯುವವರೆಗೆ ಕಾದಿದ್ದರೆ ಎತ್ತುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ಕೊಡುವುದಕ್ಕೂ ಒಂದು ಹೊತ್ತಿದೆ, ಅದು ಕೊಡುವವನಿಗೆ ಇನ್ನೂ ಶಕ್ತಿಯಿರುವ ಹೊತ್ತು.

ಕೊಡುವ ಜಾಗವನ್ನೂ ನೋಡಬೇಕು. ಮೇಷ್ಟ್ರಿಗೆ ಇದರ ಕಹಿ ಅನುಭವ ಮೊದಲೇ ಆಗಿತ್ತು. ಕೆಲವು ವರ್ಷಗಳ ಹಿಂದೆ ಎರಡು ಎಂಜಿನ್‌ಗಳನ್ನು ಒಂದು ಸಂಸ್ಥೆಗೆ ಕೊಟ್ಟಿದ್ದರು. ಹಾರ ಹಾಕಿ, ಭಾಷಣ ಮಾಡಿ ತೆಗೆದುಕೊಂಡವರು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮುಂದೆ ಹೋಗಿ ನೋಡಿದಾಗ ತೇವಕ್ಕೆ ತುಕ್ಕು ಹಿಡಿದು ಚಕ್ರ ಕಚ್ಚಿಕೊಂಡಿದ್ದವು. ಅಂದಿನಿಂದ ಯಾರಿಗೂ ಕೊಡಬಾರದೆಂದು ಹಟ ಹಿಡಿದಿದ್ದರು. ನಾವು ಹೇಳಿದೆವು, ನೀವು ವಸ್ತುವನ್ನು ಕೊಟ್ಟಿರಿ, ವಿದ್ಯೆಯನ್ನು ಕೊಡಲಿಲ್ಲ. ಎಣ್ಣೆ ಎಲ್ಲಿ ಬಿಡಬೇಕು, ತಂತಿ ಎಲ್ಲಿ ಸಡಿಲವಾಗುತ್ತದೆ ಎಂಬುದನ್ನು ಬಲ್ಲ ಒಂದು ಜೊತೆ ಕೈಗಳನ್ನು ತಯಾರು ಮಾಡದೆ ಕೊಟ್ಟ ರೈಲು ನಿಲ್ಲಲೇಬೇಕು.

ಪುಣೆಯಲ್ಲಿ ಬಿ.ಎಸ್. ಜೋಶಿ ಎಂಬುವರು ಇದೇ ಹವ್ಯಾಸದವರು. ತಮ್ಮ ಜೀವಮಾನದ ಪುಟ್ಟ ರೈಲುಗಳನ್ನು ಮನೆಯೊಳಗೆ ಮುಚ್ಚಿಡದೆ, 1998ರಲ್ಲಿ ಕಿರು ರೈಲುಗಳ ಸಂಗ್ರಹಾಲಯವಾಗಿ ಸಾರ್ವಜನಿಕರಿಗೆ ತೆರೆದರು. ನಮ್ಮ ಮೈಸೂರಿನಲ್ಲಿ 1979ರಿಂದ ರೈಲು ವಸ್ತುಸಂಗ್ರಹಾಲಯವಿದೆ. 1899ರ ಮಹಾರಾಣಿಯವರ ಬೋಗಿಯನ್ನು ಅಲ್ಲಿ ಇಂದಿಗೂ ಶಾಲಾ ಮಕ್ಕಳು ಬೆರಗಿನಿಂದ ನೋಡುತ್ತಾರೆ. ಅರಮನೆಯವರ ಬೋಗಿಗೆ ಸರ್ಕಾರದ ನೆರಳಿದೆ, ಮೇಷ್ಟ್ರ ಮಾಳಿಗೆಯ ರೈಲಿಗೆ ಯಾರಿದ್ದಾರೆ? ಆದರೂ ಅದಕ್ಕೆ ಬೆಲೆಯಿದೆ. 1990ರ ದಶಕದಲ್ಲಿ ಬೆಂಗಳೂರು–ಮೈಸೂರು ಮಾರ್ಗದ ಮೀಟರ್ ಗೇಜ್ ಹೋಗಿ, ಐದೂವರೆ ಅಡಿಯ ಬ್ರಾಡ್ ಗೇಜ್ ಬಂತು. ಉಗಿಬಂಡಿಯೂ ಹೋಯಿತು. ಇಂದಿನ ಮಕ್ಕಳಿಗೆ ಆ ಹಳಿಯ ಅಳತೆಯನ್ನು ಆ ಮಾಳಿಗೆ ಕಣ್ಣಿಗೆ ಕಾಣುವಂತೆ ತೋರಿಸುತ್ತದೆ.

ಕಡೆಗೆ ಮೂವರೂ ಕುಳಿತು ಒಂದು ತೀರ್ಮಾನಕ್ಕೆ ಬಂದೆವು. ಹತ್ತಿರದ ಒಂದು ಪ್ರೌಢಶಾಲೆಯ ವಿಜ್ಞಾನದ ಕೋಣೆಗೆ ಅದನ್ನು ಕೊಡುವುದು. ಆದರೆ ಒಂದೇ ದಿನ ಹೊತ್ತು ಹಾಕುವುದಲ್ಲ. ಆರು ತಿಂಗಳು, ವಾರಕ್ಕೆ ಎರಡು ಸಂಜೆ, ಆಸಕ್ತಿಯಿರುವ ನಾಲ್ಕು ಮಕ್ಕಳು ಮೇಷ್ಟ್ರ ಮನೆಗೇ ಬಂದು ಕಲಿಯುವುದು. ಬೆಸುಗೆ ಮಕ್ಕಳು ಹಾಕುವುದು, ಮೇಷ್ಟ್ರು ಬೆರಳು ತೋರಿಸುವುದು. ಕಲಿತದ್ದನ್ನೆಲ್ಲ ಅವರೇ ಒಂದು ನೋಟ್ ಪುಸ್ತಕದಲ್ಲಿ ಚಿತ್ರ ಸಹಿತ ಬರೆದಿಡುವುದು. ಆಮೇಲೆ ಅದೇ ಮಕ್ಕಳು ಬಿಚ್ಚಿ, ಅದೇ ಮಕ್ಕಳು ಶಾಲೆಯಲ್ಲಿ ಜೋಡಿಸುವುದು. ತಾಯಿ ಒಂದು ಷರತ್ತು ಹಾಕಿದರು: ನಾಗಮಂಗಲದ ನಿಲ್ದಾಣದ ಹೆಸರಿನ ಹಲಗೆಯನ್ನು ಮಕ್ಕಳು ತೆಗೆಯಕೂಡದು.

ಹಾಗೆಯೇ ನಡೆಯಿತು. ಬಿಚ್ಚುವ ದಿನ ನಮ್ಮನ್ನು ಕರೆದಿದ್ದರು. ಕೊನೆಯ ಸುತ್ತಿನ ಗುಂಡಿಯನ್ನು ಮೇಷ್ಟ್ರು ತಾವು ಒತ್ತಲಿಲ್ಲ, ಹೆಂಡತಿಯ ಕೈಯಲ್ಲಿ ಒತ್ತಿಸಿದರು. ಐವತ್ತು ವರ್ಷದಲ್ಲಿ ಆ ತಾಯಿ ಗುಂಡಿ ಮುಟ್ಟಿದ್ದು ಅದೇ ಮೊದಲಂತೆ. ಬಂಡಿ ನಾಲ್ಕು ನಿಲ್ದಾಣ ದಾಟಿ ಬಂದು ನಿಂತಿತು. ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಬಾರದೆ ಇರುತ್ತದೆಯೇ? ಕಣ್ಣೀರು ಬಂದಮಾತ್ರಕ್ಕೆ ಅದನ್ನು ಮೋಹವೆಂದು ಜರೆಯುವ ಪಂಡಿತರ ಮಾತು ನಮಗೆ ರುಚಿಸುವುದಿಲ್ಲ. ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಅಳುತ್ತೇವೆ, ಹಾಗೆಂದು ಬಾಗಿಲು ಹಾಕಿ ಕೂಡಿಕೊಳ್ಳುವುದಿಲ್ಲ. ಎಲ್ಲವೂ ಹೋಯಿತು, ತಗಡಿನ ಆ ಮೊದಲ ಎಂಜಿನ್ ಮಾತ್ರ ದೇವರ ಕೋಣೆಯ ಹೊರಗಿನ ಗೂಡಿನಲ್ಲಿ ಉಳಿಯಿತು. ಅಷ್ಟು ಉಳಿಸಿಕೊಳ್ಳಲು ನಾವೇ ಹೇಳಿದೆವು. ಮನೆಗೆ ಬೇಕಾದಷ್ಟು ಅಕ್ಕಿಯನ್ನು ಲಕ್ಕಮ್ಮನವರೂ ಉಳಿಸಿಕೊಂಡಿದ್ದರಲ್ಲವೇ?

ಓದುವ ಹಿರಿಯರು ಇದು ರೈಲಿನ ಮೇಷ್ಟ್ರ ಕಥೆ ಮಾತ್ರವೆಂದು ತಿಳಿಯಬಾರದು. ಬೇಬಿ ಬೆಟ್ಟದ ದನಗಳ ಜಾತ್ರೆಗೆ, ಕೆ.ಆರ್. ಪೇಟೆಯ ಹೇಮಗಿರಿ ಜಾತ್ರೆಗೆ ವರ್ಷ ತಪ್ಪದೆ ಹಳ್ಳಿಕಾರ್ ಜೋಡಿ ಕಟ್ಟಿಕೊಂಡು ಹೋಗುತ್ತಿದ್ದ ಎಷ್ಟೋ ಯಜಮಾನರು ಈಗ ಮಂಡಿ ನೋವಿನಿಂದ ಕೊಟ್ಟಿಗೆಯ ಮುಂದೆ ಕುಳಿತಿದ್ದಾರೆ. ಪೌರಾಣಿಕ ನಾಟಕಕ್ಕೆ ಹಾರ್ಮೋನಿಯಂ ಹಿಡಿದವರ ಪೆಟ್ಟಿಗೆ ಅಟ್ಟದ ಮೇಲೆ ದೂಳು ತಿನ್ನುತ್ತಿದೆ. ಗರಡಿಯಲ್ಲಿ ಮಣ್ಣು ಹದ ಮಾಡಿದವರ ಗದೆ ಮೂಲೆ ಸೇರಿದೆ. ನಾಗಮಂಗಲದಲ್ಲಿ ಎರಕದ ಹದ ಬಲ್ಲ ಮುದುಕರ ಹತ್ತಿರ ಕೂರುವ ಹುಡುಗರು ಬೇಕಾಗಿದ್ದಾರೆ. ಮಕ್ಕಳು ಬಾರದಿದ್ದರೆ ಮಕ್ಕಳನ್ನು ದೂಷಿಸಬೇಡಿ. ನಮ್ಮ ಪ್ರೀತಿಯನ್ನು ಅವರ ಕೊರಳಿಗೆ ಗಂಟು ಹಾಕುವ ಅಧಿಕಾರ ನಮಗಿಲ್ಲ. ಓಣಿಯಲ್ಲಿ, ಊರಿನಲ್ಲಿ, ಪಕ್ಕದ ಹಳ್ಳಿಯಲ್ಲಿ ಕಿಟಕಿಯಿಂದ ಇಣುಕುವ ಯಾವುದೋ ಒಂದು ಮಗು ಇರುತ್ತದೆ. ಅದನ್ನು ಒಳಗೆ ಕರೆಯಿರಿ.

ನಮ್ಮ ಧರ್ಮದಲ್ಲಿ ಅರ್ಪಿಸಿದ್ದು ಪ್ರಸಾದವಾಗುತ್ತದೆ. ಕೊಟ್ಟವನಿಗೂ ಅದರಲ್ಲಿ ಪಾಲುಂಟು. ಈಚೆಗೆ ಆ ಶಾಲೆಯ ಮುಂದೆ ಹಾದುಹೋಗುವಾಗ ಒಳಗಿನಿಂದ ಸಣ್ಣ ಕಂಚಿನ ಗಂಟೆಯ ಸದ್ದು, ಅದರ ಹಿಂದೆಯೇ ಮಕ್ಕಳ ಗಲಾಟೆ ಕೇಳಿಬಂತು. ಬಾಗಿಲ ಬಳಿ ಬೆಂಚಿನ ಮೇಲೆ ಮೇಷ್ಟ್ರೂ ಅವರ ಶ್ರೀಮತಿಯವರೂ ಕುಳಿತಿದ್ದರು. ಮೇಷ್ಟ್ರ ಕೈ ಈಗಲೂ ನಡುಗುತ್ತಿತ್ತು, ಆದರೆ ಆ ಕೈಯಲ್ಲಿ ಏನೂ ಇರಲಿಲ್ಲ. “ರೈಲು ಹೇಗಿದೆ ಮೇಷ್ಟ್ರೇ?” ಎಂದು ಕೇಳಿದೆವು. “ಹುಡುಗರು ಅಕ್ಕಿಹೆಬ್ಬಾಳಿನಿಂದ ಒಂದು ಹೊಸ ಹಳಿ ಎಳೀತಾ ಇದ್ದಾರೆ ಬುದ್ಧಿ, ಎಲ್ಲಿಗೆ ಅಂತ ನನಗೂ ಹೇಳ್ತಾ ಇಲ್ಲ” ಎಂದರು.

ಸದ್ಭಕ್ತರೇ, ಕೈ ಗಟ್ಟಿಯಿರುವಾಗಲೇ ಕೊಡೋಣ, ಕಲಿಸಿ ಕೊಡೋಣ. ಇಳಿಸಬೇಕಾದದ್ದನ್ನು ಇಳಿಸಿ, ಉಳಿಸಬೇಕಾದ ಒಂದನ್ನು ಅಂಗೈಯಲ್ಲಿ ಹಿಡಿದು ಹಗುರಾಗೋಣ. ಎಲ್ಲರಿಗೂ ಶುಭವಾಗಲಿ.